ಹತ್ತು ಗ್ರಾಂ ಚಿಂದಿ

ಗೆಜ್ಜಲಗೆರೆಯಿಂದ ಟಿವಿಎಸ್ಸಿನ ಮುಂದೆ ಮೂಟೆಯಿಟ್ಟುಕೊಂಡು
ದೇವೀರಮ್ಮ ಬರುವುದು ಬುಧವಾರ.
ಕತ್ತರಿಸಿ ಉಳಿದದ್ದು, ಕಾಲರು ಸೊಟ್ಟಗಾಗಿ
ಚೆಕಿಂಗಿನವರು ಬಿಸಾಡಿದ್ದು,
ಎಲ್ಲ ನೀಲಿ, ಒಂದೇ ಆರ್ಡರಿನ ನೀಲಿ,
ಯಾವ ದೇಶದ ಯಾವ ಮಕ್ಕಳ ಯೂನಿಫಾರಮ್ಮೋ.
ಗ್ರೀಸು ಒರೆಸಲು ಲಾರಿ ಗ್ಯಾರೇಜಿನವರು ಕೆಜಿಗೆ ಹದಿನೆಂಟು ಕೊಡುತ್ತಾರೆ.
ನಾನು ಇಪ್ಪತ್ತು,
ಕಾಲೇಜಿನ ವೋಚರಿನಲ್ಲಿ 'ಕಚ್ಚಾ ವಸ್ತು' ಎಂದು ಬರೆದು.

"ಏನ್ ಮಾಡಿಯವ್ವಾ ಇದ್ನ?"
"ಸಕ್ಕರೆ ಮಾಡ್ತೀನಿ ದೇವೀರಕ್ಕ."
ನಕ್ಕಳು. ಎಲೆಯಡಿಕೆಯ ಕೆಂಪು ಸೆರಗಿಗೆ ಸಿಡಿಯಿತು.
"ಮಂಡ್ಯದಲ್ ಕಬ್ ಮುಗ್ದೋಯ್ತಾ?"

ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್.
ಪಾಕವನ್ನು ಎರಡು ಬೆರಳ ನಡುವೆ ಹಿಗ್ಗಿಸಿ
ಎಳೆ ಬಂತೋ ಎಂದು ದೀಪಕ್ಕೆ ಹಿಡಿದು ನೋಡುತ್ತಿದ್ದ.
ನಾನು ಎಳೆಯಿಂದ ಶುರು ಮಾಡುತ್ತೇನೆ.

ಮೊದಲು ಕಾಸ್ಟಿಕ್ಕು, ಹೈಡ್ರೋಸು, ಕುದಿ.
ನೀಲಿ ಸುಮ್ಮನೆ ಬಿಡುವ ಬಣ್ಣವಲ್ಲ,
ಹಸಿರಾಗಿ, ಹಳದಿಯಾಗಿ, ಬೈದುಕೊಂಡು ಬಿಡುತ್ತದೆ.
ಆಮೇಲೆ ಏಳು ನೀರು.
ಐದನೆಯದಕ್ಕೆ ನಲ್ಲಿ ನಿಲ್ಲುತ್ತದೆ, ಉಳಿದೆರಡು ಬಿಂದಿಗೆಯದು.

ಎಪ್ಪತ್ತೆರಡು ಪರ್ಸೆಂಟು ಗಂಧಕಾಮ್ಲ.
ಬಟ್ಟೆ ಕರಗುವುದು ಉಪ್ಪು ಕರಗಿದಂತಲ್ಲ.
ನೆನೆದ ಅವಲಕ್ಕಿಯ ಹಾಗೆ ಉಬ್ಬುತ್ತದೆ,
ಆಮೇಲೆ ಲೋಳೆ, ಗಾಜಿನ ಕಡ್ಡಿಗೆ ಅಂಟುವ ಗಂಜಿ,
ಆಮೇಲೆ ನೋಡುತ್ತಿದ್ದಂತೆಯೇ
ನೋಡುವುದಕ್ಕೆ ಏನೂ ಇರುವುದಿಲ್ಲ.

ಹತ್ತಿಯೆಂದರೆ ಸಕ್ಕರೆಯೇ, ಕೈಗೆ ಕೈ ಕೊಟ್ಟು
ಸಾಲು ನಿಂತದ್ದು, ಸಾವಿರಾರು,
ಶಿಫ್ಟು ಮುಗಿದರೂ ಕೈ ಬಿಡದವು.
ಆಮ್ಲ ಒಂದೊಂದೇ ಹಿಡಿತ ಬಿಡಿಸುತ್ತದೆ,
ಬಿಟ್ಟ ಕೈಗೊಂದು ತೊಟ್ಟು ನೀರು ಕೊಟ್ಟು.
ಅದಕ್ಕೇ ಪುಸ್ತಕದ ಲೆಕ್ಕದಲ್ಲಿ
ಹತ್ತು ಗ್ರಾಂ ಚಿಂದಿಗೆ ಹನ್ನೊಂದು ಗ್ರಾಂ ಸಕ್ಕರೆ.
ನೀರೂ ತೂಗುತ್ತದೆ.

ನನಗೆ ಸಿಕ್ಕಿದ್ದು ಆರು.
ಮಿಕ್ಕಿದ್ದು ಕಂದಾಗಿ ಕೆಟ್ಟಿತು, ಕುಕ್ಕರು ಎರಡು ವಿಸಲ್ ಹೆಚ್ಚಿಗೆ ಕೂಗಿ.
ಹೌದು, ಕುಕ್ಕರು.
ಆಟೋಕ್ಲೇವಿನ ಗ್ಯಾಸ್ಕೆಟ್ಟಿಗೆ ಅರ್ಜಿ ಹಾಕಿ ವರ್ಷವಾಯಿತು.

ಉಳಿದ ಆಮ್ಲಕ್ಕೆ ಸುಣ್ಣ.
ಅಲ್ಲೂ ಕಬ್ಬಿನ ಹಾಲಿಗೆ ಸುಣ್ಣವನ್ನೇ ಬಿಡುತ್ತಿದ್ದರು,
ಅಪ್ಪನ ಅಂಗಿಯ ತೋಳು ಸದಾ ಬೆಳ್ಳಗೆ.

ಸೋಸಿದೆ. ಬಟ್ಟೆ ಹೋಗಿತ್ತು, ಹೊಲಿಗೆ ಇತ್ತು.
ದಾರ ಪಾಲಿಯೆಸ್ಟರಿನದು, ಈ ಆಮ್ಲಕ್ಕೆ ಬಗ್ಗುವುದಿಲ್ಲ.
ಜಾಲರಿಯ ಮೇಲೆ ಕಾಲರಿಲ್ಲದ ಕಾಲರಿನ ಸುತ್ತು,
ಯಾರ ಕತ್ತೂ ಇಲ್ಲ.
ಕೊಕ್ಕೆಗೆ ಕೊಕ್ಕೆ, ಇಂಚಿಗೆ ಹನ್ನೊಂದು,
ಹನ್ನೊಂದು, ಹನ್ನೊಂದು, ಒಂದು ಕಡೆ ಮಾತ್ರ
ಎಲ್ಲ ಒಟ್ಟಾಗಿ ಗಂಟು.

ಮುಂದಿನ ಬುಧವಾರ ಅದನ್ನು ಬೆಳಕಿಗೆ ಹಿಡಿದು
"ಇದು ನಂದೇ" ಅಂದಳು.
"ಅವತ್ತು ಕರೆಂಟ್ ಹೋಗಿ ಬಂತು. ಸೂಪರ್‌ವೈಜರು ಹಿಂದೆ ನಿಂತು ಕೂಗ್ತಿದ್ದ.
ಕಾಲು ಪೆಡಲ್ ಮ್ಯಾಲೇ ಇತ್ತು, ಕೈ ನಿಂತೋಗಿತ್ತು.
ಅರ್ಧ ದಿನದ ಕೂಲಿ ಹಿಡುದ್ರು, ಈ ಗಂಟಿಗೆ."

ಸಕ್ಕರೆ ಎಲ್ಲಿ ಅಂದಳು.
ಫೆಹ್ಲಿಂಗ್ ದ್ರಾವಣದ ನೀಲಿಗೆ ನಾಲ್ಕು ಹನಿ ಬಿಟ್ಟು ಕಾಯಿಸಿದೆ.
ನೀಲಿ ಮುರಿದು ತಳದಲ್ಲಿ ಇಟ್ಟಿಗೆಯ ಕೆಂಪು.
"ಇದಾ?"
"ಇದು ಗುರುತು. ಸಕ್ಕರೆ ಆ ನೀರೊಳಗಿದೆ."
"ನೆಕ್ಬೋದಾ?"
"ಬ್ಯಾಡ."
"ಮತ್ತೆ ಸಕ್ಕರೆ ಅಂದೆ?"

ಮೇಜಿನ ಮೇಲೆ ಚೆಲ್ಲಿದ್ದ ಒಂದು ತೊಟ್ಟಿನ ಅಂಚಿಗೆ
ಇರುವೆಯೊಂದು ಬಂದು ನಿಂತಿತು,
ಮಂಡ್ಯದ ಇರುವೆ, ಮೂರು ತಲೆಮಾರು ರುಚಿ ಕಂಡದ್ದು.
ಇಬ್ಬರೂ ಬಗ್ಗಿದೆವು, ಉಸಿರು ತಾಗದಂತೆ.
ಮೀಸೆ ಆಡಿಸಿತು. ಬಾಯಿಟ್ಟಿತೋ ಇಲ್ಲವೋ.
ತಿರುಗಿ ಬಿರಬಿರನೆ ಹೋಯಿತು,
ಬಳಗವನ್ನು ಕರೆಯಲೋ, ಬೇಡವೆಂದು ಹೇಳಲೋ.

ಹೊರಗೆ ಟಿವಿಎಸ್ಸು ಸ್ಟಾರ್ಟಾಯಿತು.
ಕಾಯುತ್ತ ಕೂತೆ.
ದಾಖಲೆ ಪುಸ್ತಕದಲ್ಲಿ 'ಶೇಷ, ಗ್ರಾಂಗಳಲ್ಲಿ' ಎಂಬ ಕಾಲಂ ತುಂಬಲು
ಜಾಲರಿ ನೋಡಿದರೆ, ಖಾಲಿ.
ದಾರವನ್ನು ಅವಳು
ಬೆರಳಿಗೆ ಸುತ್ತಿಕೊಂಡೇ ಹೋಗಿದ್ದಳು.